ಅರೆಸ್ಟ್ ಆದ ಕಾಯಿಲೆ

ದಾದರ್, ಮುಂಬಯಿ
೧೪-೨-೧೯೫೬

ಚಿ. ವಸಂತಿಗೆ ಚಂಪಕ್ಕನ ಆಶೀರ್ವಾದ. ಹಾಗೆ ಬರೆಯುವ ಮುಖ ನನಗಿಲ್ಲ, ಆದರೂ ಬೇರೆ ಹೇಗೆ ಶುರು ಮಾಡುವುದೋ ತಿಳಿಯಲಿಲ್ಲ.

ಶುಕ್ರವಾರ ನೀನು ಬೊರಿವಲಿಯ ಚಿಕ್ಕಮ್ಮನ ಮನೆಗೆ ಹೊರಟಾಗ ನಾನು ತಡೆಯಲಿಲ್ಲ. ಅಲ್ಲಿ ಗಾಳಿ ಒಳ್ಳೆಯದುಂಟು ಎಂದೆ. ನೀನೂ ಹೌದೆಂದೆ. ಅದು ಗಾಳಿಯ ಮಾತಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಸ್ಯಾನಿಟೋರಿಯಮ್ಮಿನಿಂದ ಬಂದ ದಿನ ನೀನು ಎಷ್ಟು ಖುಷಿಯಲ್ಲಿದ್ದೆ! ಚಪ್ಪಲಿ ಬಿಡುವ ಮೊದಲೇ ಸರ್ಟಿಫಿಕೇಟ್ ತೆಗೆದು, "ಅಕ್ಕಾ, ನನ್ನ ಕ್ಷಯ ಅರೆಸ್ಟ್ ಆಯ್ತು" ಎಂದು ನಕ್ಕೆ. ಇಂಗ್ಲಿಷ್ ಬಾರದ ನಾನೂ ನಕ್ಕೆ. ಪಕ್ಕದ ಖೋಲಿಯ ನೀಲಾವತಿ ಬಾಗಿಲಲ್ಲೇ ನಿಂತಿದ್ದಳಲ್ಲ, ನೀನು ಸ್ನಾನಕ್ಕೆ ಹೋದಾಗ ನನ್ನನ್ನು ಕರೆದಳು. "ಅರೆಸ್ಟ್ ಆದವ ಜಾಮೀನಿನ ಮೇಲೆ ಹೊರಗೆ ಬರುದಿಲ್ವಾ? ವಾಸಿ ಆಗಿದ್ರೆ ವಾಸಿ ಅಂತಲೇ ಬರೀತಿದ್ರು. ಮನೆಯಲ್ಲಿ ಸಣ್ಣ ಮಗು ಉಂಟು, ನೋಡಿಕೊ" ಎಂದಳು.

ಆ ಮಾತು ನನ್ನ ತಲೆಯೊಳಗೆ ಕೂತುಬಿಟ್ಟಿತು. ಪ್ರಫುಲ್ಲಾ ನಿನ್ನತ್ತ ಕೈ ಚಾಚಿದಾಗ ನಡುವೆ ಬಂದು ಎತ್ತಿಕೊಂಡೆ, ಮಗುವಿಗೆ ನಿದ್ದೆ ಎಂದೆ. ಅವಳು ಆಗಷ್ಟೇ ಎದ್ದಿದ್ದಳು. ನಿನ್ನ ಚಾಪೆಯನ್ನು ಬಾಗಿಲ ಹೊರಗೆ, ಎಲ್ಲರೂ ಓಡಾಡುವ ಗ್ಯಾಲರಿಯಲ್ಲಿ ಹಾಸಿದೆ. ಬಟ್ಟಲು, ಲೋಟ ಬೇರೆ ಇಟ್ಟೆ. ನೀನು ಕೇಳಿದ್ದಕ್ಕೆ, ಭಾವನಿಗೆ ಹೆದರಿಕೆ, ಹೋಟೆಲಿನಲ್ಲಿ ಧಣಿಗಳಿಗೆ ಗೊತ್ತಾದರೆ ಕೆಲಸ ಹೋಗುತ್ತದೆ ಎಂದೆ. ನೀನು ಊಟ ಮಾಡಿ, ಬಟ್ಟಲಿಗೆ ಬೂದಿ ಹಾಕಿ ಉಜ್ಜಿ ಉಜ್ಜಿ ತೊಳೆದು ಬಿಸಿಲಿಗೆ ಬೋರಲು ಹಾಕಿದೆ. ನಾನು ಒಳಗಿನಿಂದ ನೋಡುತ್ತಿದ್ದೆ. ಸಾಕು, ಇಲ್ಲಿ ಕೊಡು ಎನ್ನಲಿಲ್ಲ.

ನಿನ್ನೆ ಮನಸ್ಸು ತಡೆಯದೆ ಸ್ಟೇಷನ್ ಹತ್ತಿರದ ಡಾಕ್ಟರರಲ್ಲಿಗೆ ಹೋದೆ. ಉಡುಪಿ ಕಡೆಯವರೇ. ಅರೆಸ್ಟ್ ಎಂದರೆ ಏನೆಂದು ಕೇಳಿದೆ.

"ತಡೆದು ನಿಲ್ಲಿಸುದು ಅಮ್ಮ. ಪೊಲೀಸರು ಕಳ್ಳನನ್ನು ನಿಲ್ಲಿಸಿದರೂ ಅದೇ ಮಾತು, ಕಾಯಿಲೆ ಮುಂದೆ ಹೋಗದೆ ನಿಂತರೂ ಅದೇ. ಕಫದಲ್ಲಿ ಕ್ರಿಮಿ ಇಲ್ಲ ಅಂತಾದರೆ ಎಂತದೂ ಹೆದರುದು ಬೇಡ. ಮಗುವನ್ನೂ ಎತ್ತಿಕೊಳ್ಳಲಿ" ಎಂದರು.

ಕಫ ಶುದ್ಧವಿದೆ ಎಂದು ನೀನು ಬಂದ ದಿನವೇ ಹೇಳಿದ್ದೆ. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ತಂಗಿ ನಿಮ್ಮ ಜೊತೆಯಲ್ಲೇ ಇದ್ದಾರಲ್ಲ, ಈಗ ಅವರಿಗೆ ಮನೆಯವರ ಆಸರೆ ಬೇಕು ಎಂದು ಡಾಕ್ಟರರು ಹೇಳಿದರು. ಹೌದೆಂದು ತಲೆಯಾಡಿಸಿ ಎದ್ದು ಬಂದೆ. ಅಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದಾರೆ ಅನಿಸಿತು. ಯಾರೂ ನೋಡುತ್ತಿರಲಿಲ್ಲ.

ಭಾನುವಾರ ರಜೆ ಕೇಳಿ ಭಾವ ನಿನ್ನನ್ನು ಕರೆಯಲು ಬರುತ್ತಾರೆ. ಬಾ ವಸಂತಿ. ಒಳಗೆ ನನ್ನ ಪಕ್ಕದಲ್ಲೇ ಮಲಗು. ಬರಲು ಮನಸ್ಸಾಗದಿದ್ದರೆ ಒತ್ತಾಯ ಮಾಡುವ ಬಾಯಿ ನನಗಿಲ್ಲ.

ತಲೆ ತಗ್ಗಿಸಿರುವ ನಿನ್ನ ಅಕ್ಕ,
ಚಂಪಾ

ತಾ.ಕ.: ಭಾವನಿಗೆ ಹೆದರಿಕೆ ಎಂದದ್ದು ಸುಳ್ಳು. ಅವರು ಏನೂ ಹೇಳಿರಲಿಲ್ಲ. ನೀನು ಹೋದ ದಿನ ಸಂಜೆ ನಿನಗೆಂದು ಗೋಳಿಬಜೆ ಕಟ್ಟಿಸಿಕೊಂಡು ಬಂದು, "ವಸಂತಿ ಎಲ್ಲಿ?" ಎಂದು ಕೇಳಿದರು. ಗ್ಯಾಲರಿಯಲ್ಲಿ ಮಲಗಿದ್ದೂ, ಬೊರಿವಲಿಗೆ ಹೋದದ್ದೂ ನಿನ್ನದೇ ಹಟವೆಂದು ಅವರಿಗೂ ಸುಳ್ಳು ಹೇಳಿದ್ದೇನೆ. ರೈಲಿನಲ್ಲಿ ನಿನ್ನನ್ನು ಗದರಬಹುದು. ಆಗ ನಿಜ ಹೇಳಿಬಿಡು. ನನ್ನಿಂದ ಆಗಲಿಲ್ಲ.