ಅವಳ ಕೀ

ಮಂಗಳವಾರ, ನವೆಂಬರ್ ೧೨

ಬೀಗ ರಿಪೇರಿ ಮಾಡುವ ನಾನೇ ಇವತ್ತು ಬೀಗ ಬಿದ್ದ ನನ್ನ ಮನೆಯ ಹೊರಗೆ ನಿಂತೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಸಂಜೆ ಬಂದು ಜೇಬು ತಡಕಿದರೆ ಅಂಗಡಿಯ ಕೀ ಮಾತ್ರ ಇದೆ. ಬೆಳಿಗ್ಗೆ ಬಾಗಿಲು ಎಳೆದುಕೊಂಡಾಗ ಬೀಗ ತಾನಾಗಿಯೇ ಬಿದ್ದಿದೆ, ಮನೆಯ ಗೊಂಚಲು ಒಳಗೇ ಉಳಿದಿದೆ. ಡೂಪ್ಲಿಕೇಟೂ ಅದರಲ್ಲೇ. ಇಪ್ಪತ್ತಾರು ವರ್ಷದಿಂದ ಗಿರಾಕಿಗಳಿಗೆ ಹೇಳುತ್ತಿದ್ದೇನೆ, "ಎರಡನೇದನ್ನ ಬೇರೆಯವರ ಹತ್ರ ಇಡಿ ಸ್ವಾಮಿ, ಒಂದೇ ಕಡೆ ಇಟ್ರೆ ಏನು ಬಂತು?" ಅವರೂ ಅಕ್ಕನಿಗೊಂದು, ಪಕ್ಕದ ಮನೆಗೊಂದು ಮಾಡಿಸಿಕೊಂಡು ಹೋಗುತ್ತಾರೆ. ಹೆಂಡತಿ ತೀರಿಕೊಂಡ ಮೇಲೆ ಅವಳ ಕೀಯನ್ನು ಯಾರಿಗೆ ಕೊಡಲಿ ಎಂದು ವಾರಗಟ್ಟಲೆ ಯೋಚಿಸಿದೆ. ಒಬ್ಬರೂ ಹೊಳೆಯಲಿಲ್ಲ. ನನ್ನದರ ಜೊತೆಗೇ ಪೋಣಿಸಿಬಿಟ್ಟೆ.

ಮಂಡಿಯೂರಿ ಬೀಗಕ್ಕೆ ತಂತಿ ಹಾಕಿ ತಿರುವುತ್ತಿದ್ದಾಗ ಎದುರುಮನೆ ಬಾಗಿಲು ಅರ್ಧ ತೆರೆಯಿತು. ಆರು ವರ್ಷದಿಂದ ಅಲ್ಲಿರುವ ಹೆಂಗಸು. ಮೆಟ್ಟಿಲಲ್ಲಿ ಸಿಕ್ಕರೆ ಇಬ್ಬರೂ ನೆಲ ನೋಡಿಕೊಂಡು ದಾಟುತ್ತೇವೆ.

"ಯಾರ್ರೀ ನೀವು? ಆ ಮನೇಲಿ ಯಾರೂ ಇರೋ ಹಾಗಿಲ್ಲ."

ನಾನೇ ಇಲ್ಲಿರೋನು ಅನ್ನಬಹುದಿತ್ತು. "ಬೀಗ ರಿಪೇರಿಯವನಮ್ಮ, ಮನೆಯವರು ಕರೆಸಿದ್ದಾರೆ" ಅಂದೆ. ಅವರು ಸಮಾಧಾನದಿಂದ ಬಾಗಿಲು ಹಾಕಿಕೊಂಡರು, ಒಳಗಿಂದ ಚಿಲಕ ಬಿದ್ದ ಸದ್ದೂ ಕೇಳಿಸಿತು.

ಬೀಗ ಎರಡೇ ನಿಮಿಷಕ್ಕೆ ತೆರೆದುಕೊಂಡಿತು. ನನ್ನ ಕೈಗೆ ಅದೊಂದು ಮಾತ್ರ ಸಲೀಸು.

ಈಗ ಅವಳ ಕೀಯನ್ನು ಗೊಂಚಲಿನಿಂದ ಬಿಡಿಸಿ ಮುಂದಿಟ್ಟುಕೊಂಡಿದ್ದೇನೆ. ಎದುರುಮನೆಗೇ ಕೊಟ್ಟು ಬರೋಣ ಎಂದು ಊಟವಾದ ಮೇಲೆ ನಮ್ಮ ಬಾಗಿಲ ತನಕ ಹೋಗಿ ವಾಪಸ್ ಬಂದೆ. ಯಾರು ಅಂತ ಕೇಳಿದರೆ, ಬೀಗ ರಿಪೇರಿಯವನು ಅಂದಾಗಿದೆಯಲ್ಲ, ಇನ್ನು ಏನು ಹೇಳಲಿ?