ಗೊತ್ತಿಲ್ಲದಿದ್ದರೆ ಯಾವ ನಂಬರ್ ಒತ್ತಬೇಕು?

ಮಕ್ಕಳ ಆರೋಗ್ಯ ಸಹಾಯವಾಣಿಯ ಮುಖ್ಯಾಧಿಕಾರಿಗಳೇ,

ನಿಮ್ಮ ಯಂತ್ರ ಕೇಳಿದ ಪ್ರಶ್ನೆಗೆ ನಾನು ತಪ್ಪು ನಂಬರ್ ಒತ್ತಿದೆ, ಮಗು ಆಸ್ಪತ್ರೆ ಸೇರಿತು. ಸರಿಯಾದ ನಂಬರ್ ನಿಮ್ಮಲ್ಲಿ ಇರಲೇ ಇಲ್ಲ ಎಂಬುದು ನನ್ನ ದೂರು.

ನನ್ನ ಮದುವೆಯಾಗಿ ಎರಡೇ ತಿಂಗಳು. ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಲಿಫ್ಟ್ ರಿಪೇರಿ ಮಾಡುವ ನನ್ನ ಗಂಡನಷ್ಟು ಚೆಂದ ನಗುವವರನ್ನು ನೀವು ಕಂಡಿರಲಾರಿರಿ, ಬಿಡಿ, ಅದು ನಿಮ್ಮ ಇಲಾಖೆಗೆ ಬರುವ ವಿಷಯವಲ್ಲ. ಅವರ ಜೊತೆಗೆ, ತಾಯಿಯನ್ನು ಕಳೆದುಕೊಂಡ ಇಬ್ಬರು ಮಕ್ಕಳೂ ನನಗೆ ಸಿಕ್ಕರು. ಐದು ವರ್ಷದ ಮಗಳು ಅರಳು ಹುರಿದಂತೆ ಮಾತಾಡುತ್ತಾಳೆ. ಎರಡು ವರ್ಷದ ಮಗ ನನ್ನನ್ನು ಕಂಡರೆ ಬಾಗಿಲ ಹಿಂದೆ. ಅವನಿಗೆ ಗುಮ್ಮಣ್ಣ ಎಂದು ನಾನೇ ಹೆಸರಿಟ್ಟೆ. "ಮೇಲೆ ಬಿದ್ದು ಮುದ್ದು ಮಾಡ್ಬೇಡ ಕಣೇ, ಅದಾಗೇ ಹತ್ರ ಬರತ್ತೆ" ಎಂದಿದ್ದರು ಪಕ್ಕದ ಮನೆ ಅಕ್ಕ.

ಅಂದು ಬೆಳಿಗ್ಗೆ ಅವನು ತಾನಾಗಿಯೇ ಬಂದು ನನ್ನ ತೊಡೆಯ ಮೇಲೆ ಮಲಗಿದ. ಮೈ ಬಿಸಿಯಿತ್ತು. ಗಂಡ ಕೆಲಸದಲ್ಲಿ ಲಿಫ್ಟಿನೊಳಗೆಲ್ಲೋ ಇದ್ದರು, ಫೋನ್ ಸಿಗಲಿಲ್ಲ. ನಿಮಗೆ ಕರೆ ಮಾಡಿದೆ. "ಮಗು ಎಂದಿಗಿಂತ ಮಂಕಾಗಿದ್ದರೆ ಒಂದನ್ನು ಒತ್ತಿ, ಎಂದಿನಂತಿದ್ದರೆ ಎರಡನ್ನು ಒತ್ತಿ." ಎಂದಿನಂತೆ ಎಂದರೆ ಹೇಗೆ, ಮಾನ್ಯರೇ? ನಾನು ಇಂಗ್ಲಿಷಿನಲ್ಲಿ ಓದಿದವಳು, ಅದೇ ಪ್ರಶ್ನೆಯನ್ನು ಆ ಭಾಷೆಯಲ್ಲೂ ಕೇಳಿಸಿಕೊಂಡೆ. ಉತ್ತರ ಎರಡು ಭಾಷೆಯಲ್ಲೂ ಗೊತ್ತಿರಲಿಲ್ಲ. ಅವನು ಯಾವಾಗಲೂ ಮಾತಾಡದವನೇ, ಇವತ್ತು ಹತ್ತಿರವಾದರೂ ಬಂದನಲ್ಲ ಎಂದುಕೊಂಡು ಎರಡನ್ನು ಒತ್ತಿದೆ. "ನೀರು ಕುಡಿಸಿ, ಕಾದು ನೋಡಿ. ಧನ್ಯವಾದ."

ಕಾದೆ. ಕಾಲು ಜೋಮು ಹಿಡಿದರೂ ಅವನಿಗೆ ಎಚ್ಚರವಾದೀತೆಂದು ಅಲುಗಾಡಲಿಲ್ಲ. ಶಾಲೆಯಿಂದ ಬಂದ ಮಗಳು ಚೀಲವನ್ನೂ ಇಳಿಸದೆ ನಿಂತಳು.

"ಚಿಕ್ಕಮ್ಮ, ಇವ್ನ್ಯಾಕೆ ನಿಮ್ಮ ಹತ್ರ ಮಲಗಿದಾನೆ? ಇವ್ನಿಗೆ ನೀವು ಇಷ್ಟ ಇಲ್ವಲ್ಲ."

ಆಗ ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದೆ. "ಇಷ್ಟೊತ್ತು ಏನ್ ಮಾಡ್ತಿದ್ರಮ್ಮ?" ಎಂದರು ಡಾಕ್ಟರು. ಸಂತೋಷಪಡುತ್ತಿದ್ದೆ ಎಂದು ಯಾವ ಬಾಯಲ್ಲಿ ಹೇಳಲಿ?

ನಿಮ್ಮ ಕಚೇರಿಗೂ ಬಂದಿದ್ದೆ. ಕಿಟಕಿಯ ಆಚೆಯಿದ್ದವರು ನಕ್ಕರು: "ಮೇಡಂ, ತಾಯಿಗೇ ಗೊತ್ತಿಲ್ಲ ಅಂದ್ರೆ ಮೆಷಿನ್‌ಗೆ ಏನ್ ಗೊತ್ತಾಗತ್ತೆ?" ಎಂಥ ಸತ್ಯ. ಹಾಗಿದ್ದರೆ ಅಲ್ಲಿ ಮೆಷಿನ್ ಯಾಕೆ ಕೂತಿದೆ? ಹೆತ್ತವರಿಗಾದರೂ ಎಲ್ಲ ಗೊತ್ತಿರುತ್ತದೆಂದು ನಿಮಗೆ ಹೇಳಿದವರು ಯಾರು?

ಮಗ ಮನೆಗೆ ಬಂದಿದ್ದಾನೆ. ನನ್ನನ್ನು ಕಂಡರೆ ಮತ್ತೆ ಬಾಗಿಲ ಹಿಂದೆ. ಅವನು ಹುಷಾರಾಗಿದ್ದಾನೆಂದು ತಿಳಿಯಲು ನನಗಿರುವುದು ಅದೊಂದೇ ಗುರುತು. ಹತ್ತಿರ ಬಾರದಿರಲಿ ಎಂದು ಹಾರೈಸುವ ಸ್ಥಿತಿ ಯಾವ ತಾಯಿಗೂ ಬೇಡ.

ಫೋನಿನ ಆ ತುದಿಯಲ್ಲಿ ಒಬ್ಬ ಮನುಷ್ಯನನ್ನು ಕೂರಿಸಿ. ಆಗದಿದ್ದರೆ 'ಗೊತ್ತಿಲ್ಲ' ಎನ್ನುವವರಿಗೆ ಮೂರನೆಯ ನಂಬರ್ ಕೊಡಿ. ಕೊಡುತ್ತೀರೆಂಬ ನಂಬಿಕೆ ನನಗಿಲ್ಲ. ಇವತ್ತು ಬೆಳಿಗ್ಗೆಯೂ ಕರೆ ಮಾಡಿ ನೋಡಿದೆ, ಎರಡೇ ಇವೆ.

ಇಂತಿ,
ಮಗು ಹತ್ತಿರ ಬಂದರೆ ಮೊದಲು ಹಣೆ ಮುಟ್ಟಿ ನೋಡುವ
ಹೊಸ ತಾಯಿ