ತಾರಸಿ ಮೇಲಿನ ಆಂಟೆನಾ

ರೀ,

ಸಾರು ಬಿಸಿ ಮಾಡ್ಕೊಳ್ಳಿ. ಅತ್ತೆಗೆ ಬಿಪಿ ಮಾತ್ರೆ ಕೊಡೋದು ಮರೀಬೇಡಿ. ನಾನು ಹಲಸೂರಿಗೆ, ನಮ್ಮ ಹ್ಯಾಮ್ ರೇಡಿಯೋದವರ ಮಳೆಗಾಲದ ಡ್ರಿಲ್‌ಗೆ ಹೋಗ್ತಿದ್ದೀನಿ.

ತಾರಸಿ ಮೇಲಿನ ನನ್ನ ರೇಡಿಯೋ ಆಂಟೆನಾ ಮುಟ್ಟಬೇಡಿ, ಬಂದ್ಮೇಲೆ ನಾನೇ ಇಳಿಸ್ತೀನಿ. ನಿನ್ನೆ ಲೇಔಟ್ ಮೀಟಿಂಗಲ್ಲಿ ಅದು ಬೇಡ ಅಂತ ಮೊದಲು ಕೈ ಎತ್ತಿದ್ದೇ ನೀವು. ನಿಮ್ಮನ್ನ ನೋಡಿ ಎದುರುಮನೆ ಬೈಲಪ್ಪನವರೂ ಎತ್ತಿದ್ರು: "ಮನೆಯವ್ರೇ ಬೇಡ ಅಂದ್ಮೇಲೆ ನಮಗ್ಯಾಕಮ್ಮ?"

ಮನೆಗೆ ನೀರು ನುಗ್ಗಿ ಮೊಬೈಲೆಲ್ಲ ಸತ್ತಾಗ ನಿಮ್ಮಮ್ಮನಿಗೆ ದೋಣಿ ಕರೆಸಿದ್ದು ಅದೇ ಆಂಟೆನಾ. ಈಗ ನಿಮಗೆ ಅದು ನೋಡಕ್ಕೆ ಚೆನ್ನಾಗಿಲ್ಲ.

ಅದನ್ನ ಉಳಿಸ್ಕೊಳ್ಳಕ್ಕೆ ಲೇಔಟಿನ ಒಂದೊಂದು ಬಾಗಿಲೂ ತಟ್ಟಿ ಎಲ್ರನ್ನೂ ಒಪ್ಪಿಸಿದ್ದೆ. ನಮ್ಮನೆ ಬಾಗಿಲನ್ನೂ ತಟ್ಟಬೇಕು ಅಂತ ನನಗೆ ಹೊಳೀಲೇ ಇಲ್ಲ.

ಸುಕನ್ಯ